ಬಲಗೈಯ ಗವಸು, ಎಡಗೈಯ ತಕರಾರು

ಪ್ರಶ್ನೆ: ಜರ್ಮನ್ ತತ್ವಜ್ಞಾನಿಗಳಾದ ಕಾಂಟ್, ಫಿಕ್ಟೆ, ಹೆಗೆಲ್ ಬರೆದದ್ದೆಲ್ಲ ಬುದ್ಧಿ, ಚೇತನಗಳ ಬಗ್ಗೆಯೇ. ದೇಹ ಇವರ ಕಣ್ಣಿಗೆ ಬೀಳಲೇ ಇಲ್ಲವೇ?

ಉತ್ತರ: ಬಿದ್ದಿತ್ತು. ದಿಕ್ಕುಗಳ ಬಗ್ಗೆ ಕಾಂಟ್ 1768ರಲ್ಲಿ ಬರೆದ ಪುಟ್ಟ ಲೇಖನದಿಂದ ಶುರುಮಾಡಿ. ಎರಡೂ ಕೈ ಮುಂದೆ ಚಾಚಿ. ಬೆರಳುಗಳ ಉದ್ದ, ನಡುವಿನ ಅಂತರ, ಹೆಬ್ಬೆರಳಿನ ಕೋನ ಎಲ್ಲ ಬರೆದುಕೊಂಡರೆ ಎರಡು ಕೈಗೂ ಒಂದೇ ಪಟ್ಟಿ. ಆದರೂ ಬಲಗೈಯ ಗವಸು ಎಡಗೈಗೆ ಕೂರದು. (ಗವಸನ್ನು ಒಳಗು ಹೊರಗು ಮಾಡಿದರೆ ಕೂರುತ್ತದೆ, ನಿಜ. ಕೈಯನ್ನು ಹಾಗೆ ಮಗುಚಲಾಗದಲ್ಲ!) ಅಂದರೆ ಭಾಗಗಳ ಪರಸ್ಪರ ಸಂಬಂಧವನ್ನು ಎಷ್ಟೇ ವಿವರಿಸಿದರೂ ಎಡ-ಬಲದ ಭೇದ ಅದರಲ್ಲಿ ಸಿಗುವುದಿಲ್ಲ. ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ಎಂಬ ಎಣಿಕೆಯೆಲ್ಲ ಹೊರಡುವುದು ನಮ್ಮ ಮೈಯಿಂದ. ಓದುಗರು ಎಡವುವುದು ಮುಂದೆ: ಇದೇ ಕೈಗಳಿಂದ ಕಾಂಟ್ 1768ರಲ್ಲಿ ದೇಶವು (ನಾಡಲ್ಲ, ವಸ್ತುಗಳು ಇರುವ ಜಾಗ, ಸ್ಪೇಸ್) ವಸ್ತುಗಳನ್ನು ಅವಲಂಬಿಸದೆ ತಾನಾಗಿ ಇದೆ ಎಂದರು, 1783ರಲ್ಲಿ ಅದು ನಮ್ಮ ಇಂದ್ರಿಯಗ್ರಹಣದ ರೂಪ, ಅಂದರೆ ವಸ್ತುಗಳು ನಮಗೆ ಕಾಣುವ ಬಗೆ, ಎಂದರು. ಉದಾಹರಣೆ ಒಂದೇ, ತೀರ್ಮಾನ ಬೇರೆ. ಇಸವಿ ನೋಡದೆ ಓದಿದರೆ ಎರಡೂ ಕಲಸಿಹೋಗುತ್ತವೆ.

ಕಾಂಟರದೇ 1786ರ ಇನ್ನೊಂದು ಲೇಖನದಲ್ಲಿ ಕತ್ತಲ ಕೋಣೆ ಬರುತ್ತದೆ. ಪರಿಚಿತ ಕೋಣೆಯ ಸಾಮಾನುಗಳನ್ನೆಲ್ಲ ಯಾರೋ ತಮಾಷೆಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇಟ್ಟಿದ್ದಾರೆ. ಕೈಗೆ ಏನೂ ಸಿಗದು. ಆದರೂ ನನ್ನ ಎರಡು ಮಗ್ಗುಲುಗಳ ಭೇದದ ಅನುಭವವೊಂದಿದ್ದರೆ ಸಾಕು, ಬೇಗನೆ ದಾರಿ ಹಿಡಿಯಬಹುದು ಎನ್ನುತ್ತಾರೆ ಕಾಂಟ್.

ಫಿಕ್ಟೆಯದು ಬೇರೆ ದಾರಿ. 1796ರಲ್ಲಿ ಹೊರಬರತೊಡಗಿದ ಅವರ ಹಕ್ಕುಗಳ ಸಿದ್ಧಾಂತದಲ್ಲಿ, ದೇಹವಿಲ್ಲದೆ ಸ್ವತಂತ್ರ ವ್ಯಕ್ತಿಯೇ ಇಲ್ಲ. ಹೆಗೆಲ್ಲರಿಗೋ ನೆಟ್ಟಗೆ ನಿಲ್ಲುವುದು ಕೂಡ ರೂಢಿಯಾಗಿ ಮೈಗೂಡಿದ ಸಂಕಲ್ಪ. ನಿಲ್ಲಬೇಕೆಂಬ ಇಚ್ಛೆ ಸಡಿಲಿದರೆ ಕುಸಿಯುತ್ತೇವೆ, ಆದರೆ ಆ ಇಚ್ಛೆ ನಮ್ಮ ಗಮನಕ್ಕೆ ಬರುವುದಿಲ್ಲ. ನನ್ನ ಮಟ್ಟಿಗೆ ಮೂವರಲ್ಲಿ ದೇಹವನ್ನು ಹತ್ತಿರದಿಂದ ನೋಡಿದ್ದು ಈ ಮಾತೇ.

ಪ್ರಶ್ನೆ: 'ಚೇತನವೆಂದರೆ ಎಲುಬು' ಎಂದು ಹೆಗೆಲ್ ಹೇಳಿದ್ದು ನಿಜವೇ?

ಉತ್ತರ: ವಾಕ್ಯ ಅವರದೇ, 1807ರ 'ಚೇತನ ಮೀಮಾಂಸೆ' ಎಂಬ ಗ್ರಂಥದ್ದು, ಅವರ ಸಿದ್ಧಾಂತ ಮಾತ್ರ ಅಲ್ಲ. ತಲೆಬುರುಡೆಯ ಉಬ್ಬುತಗ್ಗು ನೋಡಿ ಸ್ವಭಾವ ಹೇಳುವ, ಗಾಲ್ ಎಂಬ ವೈದ್ಯರು ಆಗ ಹಬ್ಬಿಸಿದ್ದ ವಿದ್ಯೆಯನ್ನು ಅದರ ಕೊನೆಯವರೆಗೆ ಎಳೆದರೆ ಸಿಗುವ ತೀರ್ಪು ಅದು. ನಿನ್ನ ಬುರುಡೆಯೇ ನೀನು ಎನ್ನುವವನಿಗೆ ಸರಿಯಾದ ಉತ್ತರವೆಂದರೆ ಅವನ ಬುರುಡೆ ಒಡೆಯುವುದು ಎಂದು ಹೆಗೆಲ್ ಅಲ್ಲೇ ಗೇಲಿ ಮಾಡುತ್ತಾರೆ. ಹಾಗೆಂದು ವಾಕ್ಯವನ್ನು ಬರೀ ಹಾಸ್ಯವೆಂದು ತಳ್ಳಿಹಾಕುವಂತಿಲ್ಲ: ಚೇತನ ತನ್ನನ್ನು ಜಡ ವಸ್ತುವಿನಲ್ಲೂ ಗುರುತಿಸಿಕೊಳ್ಳಬೇಕಾದ ಆಳದ ಮಾತು ಅದರಲ್ಲಿದೆ ಎಂದೂ ಅವರೇ ಸೇರಿಸುತ್ತಾರೆ.