ಆ ಮನೆಯಲ್ಲಿ ತಿಗರಿ ಎಲ್ಲಿತ್ತು?

ಪ್ರಿಯರೇ,

ಕ್ಯೋಟೋದ ರಾಕು ಮನೆತನದ ಕುಂಬಾರಿಕೆ ಕುರಿತ ನಿಮ್ಮ ಪ್ರಬಂಧ ತಲುಪಿತು. ಭಾಷೆ ಸರಾಗವಾಗಿದೆ. ಮುತ್ತಜ್ಜ ಕೂಡಿಟ್ಟ ಮಣ್ಣಿನಲ್ಲಿ ಮರಿಮಗ ಬಟ್ಟಲು ಮಾಡುವ ಭಾಗ ಹಿಡಿಸಿತು. ಇಷ್ಟು ಹೊಗಳಿಕೆ ಸಾಕು.

ನಿಮ್ಮ ಮೊದಲ ಸಾಲು: "ತಿಗರಿ ತಿರುಗುತ್ತಿತ್ತು, ಅದರ ಜೊತೆ ನಾಲ್ಕು ಶತಮಾನಗಳೂ ತಿರುಗುತ್ತಿದ್ದವು." ಇದನ್ನು ಓದಿ ಎದ್ದು ಕಾಫಿ ಮಾಡಿಕೊಳ್ಳಲು ಹೋದೆ. ಯಾವ ತಿಗರಿ ಸ್ವಾಮಿ? ರಾಕು ಬಟ್ಟಲಿಗೆ ತಿಗರಿಯೇ ಬೇಡ. 16ನೇ ಶತಮಾನದಲ್ಲಿ ಆ ಮನೆತನದ ಮೊದಲಿಗ ಚೋಜಿರೋ, ಚಹಾಗುರು ಸೆನ್ ನೊ ರಿಕ್ಯೂಗೆ ಮಾಡಿಕೊಟ್ಟ ಕಾಲದಿಂದಲೂ ಅದು ಬರಿಗೈಯ ಕೆಲಸ. ಮಣ್ಣನ್ನು ರೊಟ್ಟಿಯ ಹಾಗೆ ತಟ್ಟಿ, ಅಂಚನ್ನು ಅಂಗೈಗಳಿಂದ ಎಬ್ಬಿಸಿ, ಕೊಂಚ ಆರಿದ ಮೇಲೆ ಒಳಗೂ ಹೊರಗೂ ಹೆರೆಯುತ್ತಾರೆ. ಕುಂಬಾರ ಅಂದೊಡನೆ ನಿಮ್ಮ ತಲೆಯಲ್ಲಿ ನಮ್ಮೂರ ತಿಗರಿ ತಿರುಗಿದೆ, ಅಷ್ಟೆ. ("ಕುಂಬಾರನಿಗೆ ವರುಷ" ಗಾದೆಯನ್ನೂ ದಯವಿಟ್ಟು ತೆಗೆಯಿರಿ.)

ಮುಂದಿನ ಸಾಲು: "ಆವಿಗೆಯಿಂದ ನೂರಾರು ಬಟ್ಟಲುಗಳು ಹೊಳೆಯುತ್ತ ಹೊರಬಂದವು." ಕಪ್ಪು ರಾಕುವನ್ನು ಒಂದೊಂದಾಗಿ ಸುಡುತ್ತಾರೆ. ಇದ್ದಿಲು ತುಂಬಿದ ಪುಟ್ಟ ಆವಿಗೆ, ಗಾಳಿ ಊದಲು ತಿದಿ. ಕಾಮೊ ನದಿಯ ಕಲ್ಲಿನಿಂದ ಮಾಡಿದ ಗ್ಲೇಜ್ (ಬಟ್ಟಲಿನ ಮೇಲಿನ ಗಾಜಿನಂಥ ಲೇಪ) ಕರಗಿತು ಅನ್ನುವಾಗ, ಕೆಂಡದಂತಿರುವ ಬಟ್ಟಲನ್ನು ಇಕ್ಕಳದಲ್ಲಿ ಕಚ್ಚಿ ಹೊರಗೆಳೆಯುತ್ತಾರೆ. ಥಟ್ಟನೆ ತಣಿದು ಕಪ್ಪಾಗುತ್ತದೆ. ಇಂಥ ಗಳಿಗೆಯನ್ನು ಬಿಟ್ಟು "ನೂರಾರು" ಎಂದು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಮೂರನೆಯದು: "ರಕ್ತದಲ್ಲೇ ಹರಿದು ಬಂದ ವಿದ್ಯೆ." ಐದನೇ ತಲೆಮಾರಿನ ಸೋನ್ಯೂ ದತ್ತು ಬಂದವನು. ಹೊಳಪನ್ನು ಬಿಟ್ಟು ಚೋಜಿರೋನ ಮಂಕು ಕಪ್ಪಿಗೆ ಮರಳಿದವನೂ ಅವನೇ. ಇನ್ನು ವಿದ್ಯೆ ಹರಿಯುವ ಮಾತು. ಆ ಮನೆಯಲ್ಲಿ ಗ್ಲೇಜಿನ ಪಾಕವನ್ನು ಅಪ್ಪ ಮಗನಿಗೆ ಹೇಳಿಕೊಡುವುದಿಲ್ಲ. 2019ರಲ್ಲಿ ಮನೆತನದ ಯಜಮಾನನ ಹೆಸರನ್ನು ವಹಿಸಿಕೊಂಡ ಹದಿನಾರನೇ ತಲೆಮಾರಿನವರೂ ತಮ್ಮ ಕಪ್ಪನ್ನು ತಾವೇ ಹುಡುಕಿಕೊಳ್ಳಬೇಕು. ಕೊಡುವುದು ಮಣ್ಣನ್ನು, ಕೊಡದಿರುವುದು ಪಾಕವನ್ನು. ಪ್ರಬಂಧ ಇರುವುದೇ ಇಲ್ಲಿ. ನೀವು "ರಕ್ತ" ಎಂದು ಬರೆದು ಅದನ್ನು ದಾಟಿಬಿಟ್ಟಿದ್ದೀರಿ.

ನಾನೂ ಹೀಗೇ ಬರೆಯುತ್ತಿದ್ದೆ. ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲ. ಇಳಕಲ್ಲಿಗೆ ಹೋಗಿಬಂದು "ಮಗ್ಗದ ಲಯದಲ್ಲಿ ಬದುಕಿನ ಹಾಡು" ಎಂದೇನೋ ಗೀಚಿಕೊಟ್ಟೆ. ಸಂಪಾದಕರು ಅರ್ಧ ಪುಟ ಓದಿ, "ನೇಕಾರ ಕಾಲು ಎಲ್ಲಿಟ್ಟಿದ್ದ?" ಎಂದರು.

"ನೆಲದ ಮೇಲೆ ಸಾರ್."

"ಕುಣಿಮಗ್ಗ ಕಣಯ್ಯಾ ಅದು. ಕಾಲು ಕುಣಿಯೊಳಗಿರುತ್ತೆ. ನೀನು ನೋಡಿದ್ದು ಮಗ್ಗಾನೋ, ನಿನ್ನ ವಾಕ್ಯಾನೋ?"

ಅವತ್ತು ರಾತ್ರಿಯೇ ನನ್ನ ಖರ್ಚಿನಲ್ಲಿ ಬಸ್ ಹತ್ತಿದೆ. ಆ ಕುಣಿಯ ಪಕ್ಕ ಅರ್ಧ ದಿನ ಕೂತೆ. ನೇಕಾರರ ಹೆಂಡತಿ ರೊಟ್ಟಿ ಕೊಟ್ಟರು. ಲೇಖನದಲ್ಲಿ ಕೊನೆಗೆ ಉಳಿದದ್ದು ಆ ಕುಣಿಯೊಂದೇ. "ಹಾಡು" ಹೋಯಿತು.

ಕ್ಯೋಟೋದ ರಾಕು ಮ್ಯೂಸಿಯಮ್‌ನಲ್ಲಿ ಕಪ್ಪು ಬಟ್ಟಲೊಂದರ ಮುಂದೆ ಬಹಳ ಹೊತ್ತು ನಿಂತೆ ಎಂದಿದ್ದೀರಿ. ಇಕ್ಕಳ ಕಚ್ಚಿದ ಗುರುತು ಇಂಥ ಬಟ್ಟಲುಗಳ ಮೈಮೇಲೆ ಉಳಿದಿರುತ್ತದೆ. ನೀವು ನೋಡಿದ್ದರಲ್ಲಿ ಅದು ಎಲ್ಲಿತ್ತು? ನೆನಪಿದ್ದರೆ ಅಲ್ಲಿಂದ ಶುರುಮಾಡಿ. ಇಲ್ಲವೆಂದರೆ ಆ ಮುತ್ತಜ್ಜನ ಮಣ್ಣಿನ ಭಾಗವನ್ನಷ್ಟೇ ಎರಡು ಪುಟಕ್ಕೆ ಬೆಳೆಸಿ ಕಳಿಸಿ, 20ನೇ ತಾರೀಕಿನೊಳಗೆ.