ಕೋಣೆ ಸ್ವಚ್ಛ ಮಾಡುವವಳು ಕೆನಡಾಕ್ಕೆ ಯಾಕೆ ಹೊರಟಳು?

ಕುಂದಾಪುರದ ಓದುಗರೊಬ್ಬರ ಪತ್ರ: “ಟೊರಾಂಟೊದಲ್ಲಿರುವ ಮಗ, ಸೊಸೆ ಚಳಿ ತಪ್ಪಿಸಿಕೊಳ್ಳಲು ಜಮೈಕಾಕ್ಕೆ ಹೋಗಿದ್ದರು. ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ಹೆಂಗಸು ‘ಕೆನಡಾಕ್ಕೆ ತೋಟದ ಕೆಲಸಕ್ಕಾದರೂ ಹೋಗಬೇಕು’ ಎಂದಳಂತೆ. ಅಷ್ಟೊಂದು ಪ್ರವಾಸಿಗರು ಬರುವ ಊರು ಬಿಟ್ಟು ಯಾಕೆ? ಇದ್ದಲ್ಲೇ ದುಡಿಯಲು ಸೋಮಾರಿತನವೇ? ಮುಂದಿನ ವರ್ಷ ನನ್ನನ್ನೂ ಕರೆದೊಯ್ಯುತ್ತಾರಂತೆ.”

ಸೋಮಾರಿತನದ ಮಾತು ಬೇಡ ಅಮ್ಮಾ. ಜಮೈಕಾದಲ್ಲಿ 2024ರ ನಿರುದ್ಯೋಗ ಶೇ 4ರ ಆಸುಪಾಸಿನಲ್ಲಿತ್ತು. ಅಲ್ಲಿ ಆಗ ಕೆಲಸಕ್ಕೆ ಬರವಿರಲಿಲ್ಲ, ಕೆಲಸ ಮಾಡಿದರೂ ಸಾಲುತ್ತಿರಲಿಲ್ಲ.

28 ಲಕ್ಷ ಜನರಿರುವ ದೇಶಕ್ಕೆ, ಹಡಗಿನಲ್ಲಿ ಬಂದು ಸಂಜೆಗೆ ಹೊರಡುವವರೂ ಸೇರಿ, ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಮಂದಿ ಬರುತ್ತಾರೆ. ಆದರೆ ನಿಮ್ಮ ಮಗ ದುಡ್ಡು ಕಟ್ಟಿದ್ದು ಎಲ್ಲಿ? ಬಹುಶಃ ಟೊರಾಂಟೊದಲ್ಲೇ. ವಿಮಾನ, ಕೋಣೆ, ಮೂರು ಹೊತ್ತಿನ ಊಟ, ಪಾನೀಯ ಎಲ್ಲ ಒಂದೇ ಪ್ಯಾಕೇಜು. ಮಣಿಕಟ್ಟಿಗೆ ಹೋಟೆಲಿನ ಗುರುತಿನ ಪಟ್ಟಿ ಕಟ್ಟಿಸಿಕೊಂಡರೆ ಗೇಟಿನಾಚೆ ಕಾಲಿಡಬೇಕಾದ್ದೇ ಇಲ್ಲ. ದೊಡ್ಡ ಹೋಟೆಲುಗಳಲ್ಲಿ ಹಲವು ಸ್ಪೇನಿನ ಕಂಪನಿಗಳವು. ದ್ವೀಪ ಮುಟ್ಟುವ ಮೊದಲೇ ಹಣ ಅರ್ಧ ದಾರಿಯಲ್ಲಿ ಸೋರುತ್ತದೆ.

2025ರ ಜೂನ್‌ನಲ್ಲಿ ನಿಗದಿಯಾದ ಅಲ್ಲಿನ ಕನಿಷ್ಠ ಕೂಲಿ ವಾರದ 40 ಗಂಟೆಗೆ 16,000 ಜಮೈಕನ್ ಡಾಲರ್, ಅಂದರೆ ಸುಮಾರು 100 ಅಮೆರಿಕನ್ ಡಾಲರ್. ರೂಪಾಯಿಗೆ ಪರಿವರ್ತಿಸಿದರೆ ನಮಗೆ ಪರವಾಗಿಲ್ಲ ಅನ್ನಿಸೀತು. ಆದರೆ ಅಲ್ಲಿ ಅಕ್ಕಿ, ಗೋಧಿ, ತೈಲ ಹಡಗಿನಲ್ಲಿ ಬರಬೇಕು, ಬೆಲೆಯೂ ಹಡಗಿನ ಬಾಡಿಗೆ ಹೊತ್ತೇ ಬರುತ್ತದೆ. ಟಿಪ್ಸ್ ಮುಟ್ಟಬಾರದೆಂಬ ನಿಯಮವಿರುವ ಹೋಟೆಲುಗಳೂ ಇವೆ. ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಸೀಸನ್. ಅದು ಮುಗಿದ ಮೇಲೆ, ಗುತ್ತಿಗೆಯವರಿಗೆ ಮುಂದಿನ ತಿಂಗಳು ಕೆಲಸ ಉಂಟೋ ಇಲ್ಲವೋ ಎಂಬ ಚಿಂತೆ. 2024ರ ನವೆಂಬರಿನಲ್ಲಿ ಹಲವು ಹೋಟೆಲುಗಳ ನೌಕರರು ಸಂಬಳ, ಗುತ್ತಿಗೆ ಪದ್ಧತಿಗಳ ವಿರುದ್ಧ ಕೆಲಸ ನಿಲ್ಲಿಸಿ ಹೊರಬಂದರು. ಸೋಮಾರಿಗಳು ಹೀಗೆ ಬೀದಿಗಿಳಿಯುವುದಿಲ್ಲ.

ಇಂಥ ಸಂಬಳದಲ್ಲೂ ಅವರು ಉಳಿಸುವ ಬಗೆಯನ್ನು ನೀವು ಥಟ್ಟನೆ ಗುರುತಿಸುತ್ತೀರಿ. ಹತ್ತು, ಇಪ್ಪತ್ತು ಜನ ಸೇರಿ ವಾರವಾರ ಒಂದಿಷ್ಟು ಹಾಕುವುದು, ಸರದಿಯ ಪ್ರಕಾರ ಒಬ್ಬೊಬ್ಬರು ಇಡೀ ಗಂಟು ಎತ್ತುವುದು. ನಮ್ಮ ಚೀಟಿಯೇ! ಅಲ್ಲಿ ಅದಕ್ಕೆ ‘ಪಾರ್ಡ್ನರ್’ ಎನ್ನುತ್ತಾರೆ. ಕಂತಿಗೆ ‘ಹ್ಯಾಂಡ್’, ಎತ್ತುವುದಕ್ಕೆ ‘ಡ್ರಾ’, ನಡೆಸುವವರಿಗೆ ‘ಬ್ಯಾಂಕರ್’. ಕಾಗದಪತ್ರವಿಲ್ಲ, ಬ್ಯಾಂಕರಮ್ಮನ ಮೇಲಿನ ನಂಬಿಕೆಯೇ ಜಾಮೀನು. ಮಕ್ಕಳ ಶಾಲೆಯ ಸಮವಸ್ತ್ರವೋ, ಮನೆಗೆ ಇನ್ನೊಂದು ಕೋಣೆಯೋ ಆ ಗಂಟಿನಿಂದಲೇ ಆಗಬೇಕು.

2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಅಪ್ಪಳಿಸಿದ್ದು ದ್ವೀಪದ ಪಶ್ಚಿಮಕ್ಕೆ. ಪ್ರವಾಸಿ ಹೋಟೆಲುಗಳ ಊರಾದ ಮಾಂಟೆಗೊ ಬೇ ಇರುವುದೂ ಅದೇ ಕಡೆ. ಹಲವು ಹೋಟೆಲು ಮುಚ್ಚಿದ್ದರಿಂದ ಕೆಲಸ ಹೋಯಿತು, ಗಾಳಿಗೆ ಎಷ್ಟೋ ನೌಕರರ ಮನೆಯ ಚಾವಣಿಯೂ ಹೋಯಿತು.

ಕೆನಡಾದ ತೋಟದ ಕೆಲಸವೂ ಹೊಸದಲ್ಲ. 1966ರಲ್ಲಿ 264 ಜಮೈಕನ್ನರಿಂದ ಶುರುವಾದ ಏರ್ಪಾಡು ಅದು, ಇಂದಿಗೂ ನಡೆದಿದೆ. ಹಾಗೆ ನೋಡಿದರೆ ನಿಮ್ಮ ಮಗನೂ ಸಮುದ್ರ ಬಿಟ್ಟು ಹಿಮಕ್ಕೇ ಹೋದವರು. ಹೋಟೆಲಿನ ದುಡಿಮೆ ಏನೆಂದು ಕುಂದಾಪುರದವರಿಗೆ ನಾನು ಹೇಳಿಕೊಡಬೇಕೇ? ಮುಂಬಯಿ, ಬೆಂಗಳೂರಿನ ಅಡುಗೆಮನೆಗಳಲ್ಲಿ ನಿಮ್ಮೂರಿನ ಎಷ್ಟು ಹುಡುಗರು ಬೆವರು ಸುರಿಸಿಲ್ಲ?

ಖಂಡಿತ ಹೋಗಿ ಬನ್ನಿ. ಪ್ಯಾಕೇಜಿನಲ್ಲಿ ಊಟವಿದ್ದರೂ ಒಂದು ಹೊತ್ತು ಗೇಟು ದಾಟಿ, ರಸ್ತೆ ಬದಿಯ ಅಂಗಡಿಯಲ್ಲಿ ತಿನ್ನಿ. ನೀವು ಮೀನು, ಕೋಳಿ ತಿನ್ನುವವರಾದರೆ ಜರ್ಕ್ ಚಿಕನ್, ಅಂದರೆ ಖಾರದ ಮಸಾಲೆ ಹಚ್ಚಿ ಸುಟ್ಟ ಕೋಳಿ, ಕೇಳಿ. ಖಾರಕ್ಕೆ ಕುಂದಾಪುರದವರು ಹೆದರಬೇಕಾಗಿಲ್ಲ.

– ಸಂ.