ಸಮುದ್ರಕ್ಕೆ ಎಣ್ಣೆ ಚೆಲ್ಲಿದ್ರೆ ಹಕ್ಕಿಗಳು ಯಾಕೆ ಸಾಯ್ತವೆ?

ವಿಷ ಆಮೇಲೆ, ಎಷ್ಟೋ ಸಲ ಮೊದ್ಲು ಕೊಲ್ಲೋದು ಚಳಿನೇ. ನೀರುಹಕ್ಕಿ ಪುಕ್ಕ ಒಂದಕ್ಕೊಂದು ಹೆಣೆದುಕೊಂಡು ಒಳಗೆ ಗಾಳಿ ಹಿಡಿದಿಟ್ಟಿರುತ್ತೆ, ಅದೇ ಅದರ ಸ್ವೆಟರ್ರು, ಎಣ್ಣೆ ತಾಗಿದ್ರೆ ಪುಕ್ಕ ಎಲ್ಲ ಅಂಟಂಟಾಗಿ ಮುದ್ದೆಯಾಗಿ ತಣ್ಣೀರು ಸೀದಾ ಚರ್ಮಕ್ಕೇ ಇಳಿಯುತ್ತೆ, ತೇಲೋಕೂ ಆಗಲ್ಲ ಹಾರೋಕೂ ಆಗಲ್ಲ. ಪಾಪ, ಕೊಕ್ಕಲ್ಲಿ ಪುಕ್ಕ ಕ್ಲೀನ್ ಮಾಡ್ಕೊಳ್ಳೋಕೆ ಹೋಗಿ ಎಣ್ಣೆನೂ ನುಂಗುತ್ತೆ, ಕರುಳು ಲಿವರ್ರು ಎರಡೂ ಹಾಳು.

1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ನೀರೊಳಗಿನ ಬಂಡೆಗೆ ಗುದ್ದಿ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಚೆಲ್ತು, ಅಂದಾಜು 2.5 ಲಕ್ಷ ಕಡಲಹಕ್ಕಿ ಸತ್ವು. ಕಡಲ ನೀರುನಾಯಿಗಳೂ ಸಾವಿರಾರು ಹೋದ್ವು, ಅವಕ್ಕೆ ತಿಮಿಂಗಿಲದ ಥರ ಕೊಬ್ಬಿನ ಪದರ ಇಲ್ವಲ್ಲ, ತುಪ್ಪಳವೇ ಗತಿ. ಹತ್ತು ವರ್ಷ ಕಳೆದ್ಮೇಲೂ ಅಲ್ಲಿ ಕೆಲವು ಕಡೆ ದಡದ ಕಲ್ಲು ಸರಿಸಿ ಅಗೆದ್ರೆ ಎಣ್ಣೆ ಸಿಗ್ತಿತ್ತು.